ಸಾವಂತರ ಆಯಿಯ ಭರಣಿಗೆ ನಾನು ಕೈ ಹಾಕಿದ್ದು

ಭಾಂಡುಪ್ ಸ್ಟೇಷನ್ನಿನಲ್ಲಿ ಇಳಿದು, ಯಾವ ರಿಕ್ಷಾದವನನ್ನಾದರೂ ನಿಲ್ಲಿಸಿ "ಉಪ್ಪಿನಕಾಯಿ ಶೆಟ್ಟೆಪ್ಪ" ಎಂದರೆ ಸಾಕು, ಅವನು ಮೀಟರ್ ಹಾಕುವುದನ್ನು ಮರೆತು, ಕೈಮುಗಿದು, ನಿಮ್ಮನ್ನು ನಮ್ಮ ಮನೆಗೆ ಕರೆತರುತ್ತಾನೆ. ಇದು ತುಸು ಹೆಚ್ಚಾಯಿತು ಅನ್ನಿಸಿದವರು ಹೋದ ಮಳೆಗಾಲದಲ್ಲಿ ಬಂದು ನೋಡಬೇಕಿತ್ತು. ಆಗ ಇಡೀ ಎಲ್‌ಬಿಎಸ್ ರಸ್ತೆಯಲ್ಲಿ ಅತಿ ಹೆಚ್ಚು ಗೌರವ ಪಡೆದ ಕೈ ಯಾವುದೆಂದರೆ, ಅದು ನನ್ನ ಬಲಗೈ.

ಎಲ್ಲಕ್ಕೂ ಮೂಲ ಒಂದು ನಿಂಬೆಗಿಡ. ನಮ್ಮ ಮೊಗರಾ ಸೊಸೈಟಿ ನಾಲ್ಕು ಮಾಳಿಗೆಯ, ಲಿಫ್ಟಿಲ್ಲದ ಬಿಲ್ಡಿಂಗು. ಅದರ ಟೆರೇಸಿನ ಮೇಲೆ ಒಂದು ನೀಲಿ ಡ್ರಮ್ಮಿನಲ್ಲಿ ಈ ಗಿಡ ನಿಂತಿದೆ. ಅದರ ಎತ್ತರ ಎಷ್ಟೆಂದರೆ, ಸಾಂತಾಕ್ರೂಜಿಗೆ ಇಳಿಯುವ ವಿಮಾನಗಳು ನಮ್ಮ ಬಿಲ್ಡಿಂಗಿನ ಹತ್ತಿರ ಬಂದಾಗ ಕೊಂಚ ಎಡಕ್ಕೆ ವಾಲಿಕೊಂಡು ಹೋಗುತ್ತವೆ. ನನ್ನ ಹೆಂಡತಿ ದಾನವ್ವನ ಪ್ರಕಾರ ಅದು ಅವಳ ಕಿವಿಯ ಮಟ್ಟ. ಅವಳಿಗೆ ಅಳೆಯುವುದು, ಎಣಿಸುವುದು, ಇಂಥ ಕೆಲವು ಸಣ್ಣ ಚಟಗಳಿವೆ. ಹೋದ ವರ್ಷ ಗಿಡ ಮೂರು ಸಾವಿರ ಕಾಯಿ ಬಿಟ್ಟಿತು. ದಾನವ್ವನ ಲೆಕ್ಕಕ್ಕೆ ಎರಡು ನೂರಾ ಹದಿನಾಲ್ಕು.

ಸಸಿ ಬಂದದ್ದು ವಿಜಯಪುರ ಜಿಲ್ಲೆಯ ಇಂಡಿ ಊರಿನಿಂದ, ದಾನವ್ವನ ಅಪ್ಪನ ತೋಟದಿಂದ. ರೈಲಿನಲ್ಲಿ ಹನ್ನೆರಡು ತಾಸು ಅದನ್ನು ಮಡಿಲಲ್ಲಿ ಕೂರಿಸಿಕೊಂಡು ತಂದಳು. ಅದಾದ ವರ್ಷವೇ ಮಾವ ತೀರಿಕೊಂಡರು. ಅಣ್ಣತಮ್ಮಂದಿರು ತೋಟ ಮಾರಿದರು. ಹೀಗಾಗಿ ಇಂಡಿಯ ಆ ತೋಟದಲ್ಲಿ ಈಗ ಉಳಿದಿರುವುದೆಲ್ಲ ಭಾಂಡುಪಿನ ನಾಲ್ಕನೇ ಮಾಳಿಗೆಯ ಮೇಲಿದೆ, ಡ್ರಮ್ಮಿನಲ್ಲಿ.

ಇನ್ನು ಉಪ್ಪಿನಕಾಯಿಯ ವಿಷಯ. ನಮ್ಮ ವಿಜಯಪುರದ ಕಡೆ ಉಪ್ಪಿನಕಾಯಿ ಕೆಡದೆ ಉಳಿದರೆ ಯಾರೂ ಉಪ್ಪನ್ನು ಹೊಗಳುವುದಿಲ್ಲ, ಎಣ್ಣೆಯನ್ನೂ ಹೊಗಳುವುದಿಲ್ಲ. ಕಲಸಿದವರ ಕೈಯನ್ನು ಹೊಗಳುತ್ತಾರೆ. ಅದಕ್ಕೆ ಕೈಗುಣ ಎಂದು ಹೆಸರು. ಕೆಲವರ ಕೈ ಬಿದ್ದರೆ ಎಂಟು ದಿನದಲ್ಲಿ ಬೂಷ್ಟು. ಕೆಲವರ ಕೈ ಬಿದ್ದರೆ ಮೊಮ್ಮಕ್ಕಳ ಮದುವೆಯಲ್ಲೂ ಅದೇ ಭರಣಿಯಿಂದ ಬಡಿಸಬಹುದು. ದಾನವ್ವನದು ಈ ಎರಡನೇ ಜಾತಿಯ ಕೈ. ನನ್ನ ಕೈಗೂ ಈ ಉಪ್ಪಿನಕಾಯಿಗೂ ಇದ್ದ ಸಂಬಂಧ ಇಷ್ಟೇ: ಅವಳು ಸಣ್ಣ ಬಟ್ಟಲುಗಳಲ್ಲಿ ಹಾಕಿಕೊಟ್ಟದ್ದನ್ನು ನಾನು ಮಾಳಿಗೆ ಮಾಳಿಗೆಗೆ ಒಯ್ದು ಕೊಡುತ್ತಿದ್ದೆ. ಕೊಡುವಾಗ ಬಾಗಿಲಲ್ಲಿ ನಿಂತು ನಾಲ್ಕು ಮಾತು ಆಡುತ್ತಿದ್ದೆ. ಆ ನಾಲ್ಕು ಮಾತಿನಲ್ಲಿ ದಾನವ್ವನ ಹೆಸರು ಬರುತ್ತಿತ್ತೇ ಎಂದು ಕೇಳಿದರೆ, ಜಾಗ ಸಾಲುತ್ತಿರಲಿಲ್ಲ.

ಮೇ ತಿಂಗಳ ಎರಡನೇ ಭಾನುವಾರ, ಕೆಳಗಿನ ಪಾರ್ಕಿಂಗಿನಲ್ಲಿ ಸೊಸೈಟಿಯ ಮೀಟಿಂಗು ಸೇರಿತು. ನಮ್ಮ ಸೆಕ್ರೆಟರಿ ಸಾವಂತರು ನಿವೃತ್ತ ಹೆಡ್‌ಕ್ಲಾರ್ಕ್; ಉಸಿರಾಡುವುದನ್ನೂ ನಿಯಮ ನೋಡಿಯೇ ಆಡುವವರು. ಅವರು ಮಾತಾಡುವುದು ಮರಾಠಿ. ನಿಮಗಾಗಿ ಕನ್ನಡಕ್ಕೆ ತಂದಿದ್ದೇನೆ. ತರುವ ದಾರಿಯಲ್ಲಿ ಒಂದೆರಡು ಚಿಟಿಕೆ ಮಸಾಲೆ ನನ್ನದೂ ಬಿದ್ದಿರಬಹುದು.

"ಮಳೆಗೆ ಮುಂಚೆ ಟೆರೇಸಿಗೆ ವಾಟರ್‌ಪ್ರೂಫಿಂಗ್ ಆಗಬೇಕು," ಎಂದರು ಸಾವಂತರು. "ಕುಂಡ, ಮುರಿದ ಕುರ್ಚಿ, ಎಲ್ಲ ಹೊರಗೆ. ಮೊದಲು ಆ ನೀಲಿ ಡ್ರಮ್. ಅದರ ನೀರು ನೇರ ನನ್ನ ಬೆಡ್‌ರೂಮಿಗೆ ಇಳೀತದೆ. ಶೆಟ್ಟೆಪ್ಪಭಾವು ಮೇಲೆ ಗಿಡಕ್ಕೆ ನೀರು ಹಾಕಿದರೆ ಕೆಳಗೆ ನನ್ನ ಮೂಗು ಚಿಗುರ್ತದೆ."

ಎಲ್ಲರೂ ನಕ್ಕರು. ನಾನೂ ನಗುವವನಿದ್ದೆ, ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಕೂತ ದಾನವ್ವನನ್ನು ನೋಡಿದೆ. ಅವಳು ಅಳುತ್ತಿರಲಿಲ್ಲ. ಸೆರಗಿನ ತುದಿಯನ್ನು ಸುರುಳಿ ಮಾಡುತ್ತ, ಬಿಚ್ಚುತ್ತ, ಮತ್ತೆ ಸುರುಳಿ ಮಾಡುತ್ತ ಕೂತಿದ್ದಳು. ನಾನು ಎದ್ದು ನಿಂತೆ.

"ಸಾವಂತ ಸಾಹೇಬ್ರ, ಅದು ಸಾದಾ ಗಿಡಾ ಅಲ್ರಿ," ಎಂದೆ. "ಮಳಿಗಾಲದಾಗ ಇಡೀ ಮುಂಬೈಗೆ ಬೂಷ್ಟ ಬರ್ತದ. ಸಮುದ್ರಕ್ಕ ಸೈತ ಒಂದ ಕಡೆ ಬೂಷ್ಟ ಬಂದಿದ್ದು ನಾ ನೋಡೇನಿ. ನಮ್ಮ ಭರಣಿಗೆ ಮಾತ್ರ ಇವತ್ತಿನ ತನಕಾ ಒಂದ ಎಳಿ ಬೂಷ್ಟ ಬಂದಿಲ್ಲ."

ಫ್ಯಾನಿನ ಕೆಳಗೆ ಕುರ್ಚಿಯಲ್ಲಿ ತೂಕಡಿಸುತ್ತಿದ್ದ ಸಾವಂತರ ತಾಯಿ ಕಣ್ಣು ತೆರೆದರು. ಎಂಬತ್ತನಾಲ್ಕರ ಮುದುಕಿ, ಒಂಬತ್ತು ಗಜದ ಸೀರೆ. ಇಡೀ ಬಿಲ್ಡಿಂಗಿಗೆ ಆಯಿ. ಸಾವಂತರು ನಿಯಮಕ್ಕೆ ಹೆದರುತ್ತಾರೆ, ನಿಯಮ ಆಯಿಗೆ ಹೆದರುತ್ತದೆ. ಈ ಆಯಿಗೆ ಒಂದೇ ಒಂದು ಸಂಕಟ. ಮಾಲವಣದ ಅವರ ಮನೆಯ ಹಿತ್ತಲಲ್ಲಿ ಅವರೇ ನೆಟ್ಟ ಎರಡು ಮಾವಿನ ಮರಗಳಿವೆ. ಪ್ರತಿ ಮೇ ತಿಂಗಳು ಒಂದು ಬುಟ್ಟಿ ಮಾವಿನಕಾಯಿ ಎಸ್‌ಟಿ ಬಸ್ಸಿನಲ್ಲಿ ಬರುತ್ತದೆ. ಆಯಿ ಉಪ್ಪಿನಕಾಯಿ ಹಾಕುತ್ತಾರೆ. ಜುಲೈಯಲ್ಲಿ ಭರಣಿಯ ಬಾಯಿ ಬಿಚ್ಚಿದರೆ ಒಳಗೆ ಬೆಕ್ಕಿನ ಮರಿ ಮಲಗಿದಂತೆ ಬಿಳಿ ಬೂಷ್ಟು. ಮೂರು ವರ್ಷದಿಂದ ಹೀಗೇ.

"ಕಲಸೋದು ಯಾರು?" ಎಂದು ಆಯಿ ಕೇಳಿದರು.

ಸತ್ಯ ಹೇಳಲು ನನಗೆ ಪೂರ್ತಿ ಒಂದು ಸೆಕೆಂಡ್ ಸಿಕ್ಕಿತ್ತು. ಆದರೆ ಐವತ್ತು ಮಂದಿ ಒಟ್ಟಿಗೆ ನನ್ನನ್ನೇ ನೋಡುತ್ತಿದ್ದರು. ಅಷ್ಟು ಮಂದಿಯ ಮುಂದೆ ಸತ್ಯ ಹೇಳಿ ನನಗೆ ಅಭ್ಯಾಸವಿಲ್ಲ.

"ನಾನು," ಎಂದೆ. ಬಲಗೈಯನ್ನು ಮೇಲೆತ್ತಿ, ಬೆರಳು ಬಿಡಿಸಿ ತೋರಿಸಿದೆ. "ಈ ಕೈ."

ಪಾರ್ಕಿಂಗಿನಲ್ಲಿ ಒಂದು ಬಗೆಯ ಗಾಳಿ ಬೀಸಿತು. ಆಯಿ ಆ ಕೈಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮಗನ ಕಡೆ ತಿರುಗಿ ತೀರ್ಪು ಕೊಟ್ಟರು: "ಬರೆದುಕೋ. ಇವನು ನನ್ನ ಕೈರಿಗೆ, ಮಾವಿನಕಾಯಿಗೆ, ಕೈ ಹಾಕ್ತಾನೆ. ಗಣಪತಿವರೆಗೆ ಕೆಡದಿದ್ದರೆ ಗಿಡ ಇರಲಿ. ಕೆಟ್ಟರೆ ಕಡಿ. ಅಲ್ಲೀತನಕ ಆ ಮೂಲೆ ಬಿಟ್ಟು ಉಳಿದದ್ದಕ್ಕೆ ಡಾಂಬರು ಹಾಕಿಸು." ಸಾವಂತರು ಮೀಟಿಂಗಿನ ಬುಕ್ಕಿನಲ್ಲಿ ತಮ್ಮ ಕ್ಲಾರ್ಕಿನ ಭಾಷೆಯಲ್ಲಿ ಬರೆದುಕೊಂಡರು.

ಮನೆಗೆ ಬಂದ ಮೇಲೆ ದಾನವ್ವ ಚಹಾ ಕೊಟ್ಟಳು. ಅದಕ್ಕೆ ಸಕ್ಕರೆ ಇರಲಿಲ್ಲ.

"ನಿಮ್ಮ ಕೈ ಅಂದ್ರೆಲ್ಲ?"

"ಅದು ಮಾತಿನ ಭರಾಟಿಯೊಳಗ ಬಂತು. ಹೆಂಗೂ ನೀ ಅದೀಯಲ್ಲ. ನೀ ಹೋಗಿ ಕಲಸಿ ಬಾ."

"ನಾ ಯಾಕ ಹೋಗ್ಲಿ? ಬುಕ್ಕಿನಾಗ ನಿಮ್ಮ ಹೆಸರು ಬರದಾರ. ಇಪ್ಪತ್ತಾರ ವರ್ಷದಾಗ ಒಂದ ಭರಣಿ ತೊಳದಿಲ್ಲ ನೀವು. ಈಗ ಐವತ್ತ ಮಂದಿ ಮುಂದ ಕೈ ಎತ್ತೀರಿ. ಎತ್ತಿದ್ದು ಇಳಸೂದು ನೀವಽ ನೋಡ್ರಿ."

ಮಗಳು ಸೋನಾಲಿ ಫೋನಿನಿಂದ ತಲೆ ಎತ್ತದೆ ಹೇಳಿದಳು: "ಮಮ್ಮಿ, ಪಪ್ಪಾನ ಕೈ... ಮತಲಬ್, ಕಾನ್ಫಿಡೆನ್ಸ್ ಚಲೋ ಅದ. ಔರ್ ಕ್ಯಾ ಚಾಹಿಯೆ."

ಕೊನೆಗೆ ದಾನವ್ವ ಕರಗಿ ವಿಧಾನವನ್ನಷ್ಟೇ ಹೇಳಿಕೊಟ್ಟಳು. "ಸ್ನಾನಾ ಮಾಡಿ ಹೋಗ್ರಿ. ಉಗರಾ ತೆಗೀರಿ. ಕೈ ಒರಸಿ ಬಿಸಲಿಗೆ ಹಿಡೀರಿ, ಒಂದ ಹನಿ ನೀರ ಇರಬಾರ್ದು. ಬಾಯಿಗೆ ಅರಬಿ ಕಟಗೋರಿ, ಉಸರ ಬೀಳಬಾರ್ದು. ಮತ್ತ ಕಲಸಿ ಮುಗಿಯೂ ತನಕಾ ಮಾತಾಡಬಾರ್ದು."

"ಒಂದೂ ಮಾತ?"

"ಒಂದೂ."

ನಾನು ಕೊನೆಯ ಸಲ ಒಂದು ತಾಸು ಸುಮ್ಮನಿದ್ದದ್ದು ಹುಟ್ಟುವುದಕ್ಕೆ ಮುಂಚೆ.

ಮರುದಿನ ಬೆಳಿಗ್ಗೆ ಸಾವಂತರ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನಡುವೆ ಹಿತ್ತಾಳೆಯ ದೊಡ್ಡ ತಟ್ಟೆಯಂಥ ಪರಾತದಲ್ಲಿ ಹತ್ತು ಕಿಲೋ ಮಾವಿನ ಹೋಳು. ಅದರ ಮೇಲೆ ಉಪ್ಪು, ಅರಿಸಿಣ, ಸಾಸಿವೆಪುಡಿ, ಮತ್ತು ಆಯಿ ತಮ್ಮ ಕೈಯಿಂದ ಕುಟ್ಟಿದ ಕೆಂಪು ಮೆಣಸಿನಪುಡಿಯ ಒಂದು ಗುಡ್ಡ. ಮೂರನೇ ಮಾಳಿಗೆಯ ಶೀಲಾವತಿಯವರು ಎಲ್ಲರಿಗಿಂತ ಮುಂದೆ ಚಾಪೆ ಹಾಸಿ ಕೂತಿದ್ದರು. ಅವರು ಉಡುಪಿ ಕಡೆಯವರು. ನಮ್ಮ ಬಿಲ್ಡಿಂಗಿನ ಆಕಾಶವಾಣಿ.

ಇಲ್ಲಿ ಒಂದು ಸಣ್ಣ ವಿವರ ಹೇಳಬೇಕು. ಉಗುರು ತೆಗೆಯುವ ಉತ್ಸಾಹದಲ್ಲಿ ನಾನು ಎರಡು ಬೆರಳುಗಳ ಉಗುರಿನ ಜೊತೆಗೆ ಸ್ವಲ್ಪ ಬೆರಳನ್ನೂ ತೆಗೆದಿದ್ದೆ.

ಬಾಯಿಗೆ ಬಟ್ಟೆ ಕಟ್ಟಿಕೊಂಡು, ದೇವರನ್ನು ನೆನೆದು, ಬಲಗೈಯನ್ನು ಆ ಗುಡ್ಡದೊಳಗೆ ಇಳಿಸಿದೆ. ಮೊದಲ ಮೂರು ಸೆಕೆಂಡ್ ಏನೂ ಆಗಲಿಲ್ಲ. ನಾಲ್ಕನೆಯದಕ್ಕೆ, ಉಪ್ಪು ಮತ್ತು ಮೆಣಸು ಕೂಡಿ, ನನ್ನ ಎರಡು ಬೆರಳುಗಳ ಮೂಲಕ ಒಳಗೆ ಬಂದು, ಮೊಣಕೈ ದಾಟಿ, ತಲೆಬುರುಡೆಯ ಒಳಗೋಡೆಗೆ ಬೆಂಕಿ ಹಚ್ಚಿದವು. ಒದರಬೇಕೆಂದರೆ ಬಾಯಿಗೆ ಬಟ್ಟೆ. ಕೈ ತೆಗೆಯಬೇಕೆಂದರೆ ಕಣ್ಣ ಮುಂದೆ ನಿನ್ನೆ ಮೀಟಿಂಗಿನಲ್ಲಿ ಸೆರಗು ಸುರುಳಿ ಮಾಡುತ್ತಿದ್ದ ದಾನವ್ವ. ಕಲಸಿದೆ. ಕಣ್ಣಿನಿಂದ ನೀರು ಹರಿಯತೊಡಗಿತು. ಒಂದೇ ಕಡೆ ಕೂರಲಾಗದೆ ಎದ್ದೆ. ಪರಾತದಿಂದ ಕೈ ತೆಗೆಯುವಂತಿಲ್ಲವಾದ್ದರಿಂದ ಬಗ್ಗಿಕೊಂಡೇ ಅದರ ಸುತ್ತ ಸುತ್ತತೊಡಗಿದೆ.

ಜನ ಸರಿದು ನನಗೆ ದಾರಿ ಬಿಟ್ಟರು.

"ನೋಡಿ ಮಾರಾಯ್ರೆ," ಶೀಲಾವತಿಯವರು ಚಾಪೆಯಿಂದ ಅರ್ಧ ಎದ್ದರು, "ಕಣ್ಣಲ್ಲಿ ನೀರು ಬರ್ತಾ ಉಂಟು. ಪ್ರದಕ್ಷಿಣೆ ಹಾಕ್ತಿದ್ದಾರೆ. ನಮ್ಮಲ್ಲಿ ಮೈಮೇಲೆ ದೈವದ ದರ್ಶನ ಬರುವಾಗ ಹೀಗೇ ಆಗುವುದು."

ಯಾರೋ ಚಪ್ಪಲಿ ಹೊರಗೆ ಬಿಟ್ಟು ಬಂದರು. ಸಾವಂತರು, ನಿಯಮದಲ್ಲಿ ಇದೆಯೋ ಇಲ್ಲವೋ ನೋಡದೆ, ಕೈಮುಗಿದರು. ನಾನು ಹನ್ನೊಂದು ಸುತ್ತು ಸುತ್ತಿದೆ. ಬಾಗಿಲಲ್ಲಿ ನಿಂತು ನೋಡಿದ್ದ ದಾನವ್ವ ಆಮೇಲೆ ಹೇಳಿದಳು, ನಾಲ್ಕು. ಮುಗಿದ ಮೇಲೆ ಬಾತ್‌ರೂಮಿಗೆ ಓಡಿ ಬಕೆಟ್ಟಿನಲ್ಲಿ ಕೈ ಅದ್ದಿ ಅರ್ಧ ತಾಸು ಕೂತೆ. ಹೊರಗೆ ಬಂದಾಗ ಜನ ಇನ್ನೂ ಹಾಗೇ ಕೂತಿದ್ದರು. "ಧ್ಯಾನ ಮುಗೀತಾ?" ಎಂದು ಸಾವಂತರು ಮೆಲ್ಲಗೆ ಕೇಳಿದರು. ಮುಗಿಯಿತು ಎಂದೆ. ಅಷ್ಟೊಂದು ಜನರನ್ನು ನಿರಾಶೆ ಮಾಡುವುದು ಸಭ್ಯತೆಯಲ್ಲ.

ಸೋನಾಲಿ ಅದರ ವಿಡಿಯೋ ಮಾಡಿದ್ದಳು. ಸಂಜೆಗೆ ಅದು ಭಾಂಡುಪನ್ನು ದಾಟಿತ್ತು.

ಮರುದಿನದಿಂದ ಭರಣಿಗಳು ಬರತೊಡಗಿದವು. ಶೀಲಾವತಿಯವರು ತಮ್ಮ ಅಣ್ಣನ ಮನೆಯ ಹಿತ್ತಲಿನ ಹಲಸಿನ ತೊಳೆಯನ್ನು ಉಪ್ಪುನೀರಿನಲ್ಲಿ ಹಾಕಿ ತಂದರು. ಧಾರಾವಿಯಿಂದ ಒಬ್ಬರು ತಮ್ಮ ತಗಡಿನ ಪತ್ರೆಯ ಛಾವಣಿಯ ಮೇಲೆ ಎಣ್ಣೆ ಡಬ್ಬಿಗಳಲ್ಲಿ ಬೆಳೆದ ಹಸಿಮೆಣಸಿನಕಾಯಿಯನ್ನು ಮಜ್ಜಿಗೆಯಲ್ಲಿ ನೆನೆಸಿ ತಂದರು. ದಹಿಸರದ ಬಸಲಿಂಗವ್ವ ಎಂಬವರು ಕವಳಿಕಾಯಿಯ ಭರಣಿಯನ್ನು ತೊಡೆಯ ಮೇಲಿಟ್ಟುಕೊಂಡು ಎರಡು ಲೋಕಲ್ ಬದಲಿಸಿ ಬಂದರು. ದಾದರಿನ ಸೇತುವೆಯ ಮೇಲೆ ಜನ ತಾವಾಗಿ ಆ ಭರಣಿಗೆ ದಾರಿ ಬಿಟ್ಟರಂತೆ. ದಾದರಿನಲ್ಲಿ ಜನ ದಾರಿ ಬಿಡುವುದನ್ನು ನೀವು ಎಂದಾದರೂ ಕಂಡಿದ್ದೀರಾ? ನಾನು ಬುದ್ಧಿವಂತನಾಗಿದ್ದೆ. ಕಲಸುವುದನ್ನು ನೀವೇ ಮಾಡಿ, ಕೊನೆಗೆ ನಾನು ಕಟ್ಟಿಗೆಯ ಸೌಟಿನಿಂದ ಒಂದು ಸುತ್ತು ತಿರುವುತ್ತೇನೆ ಎಂದೆ. ಗುಣ ಕೈಯಿಂದ ಸೌಟಿಗೆ, ಸೌಟಿನಿಂದ ಕಾಯಿಗೆ ಇಳಿಯುತ್ತದೆ ಎಂದು ವಿವರಿಸಿದೆ. ಎಲ್ಲರಿಗೂ ಅರ್ಥವಾಯಿತು. ಒಬ್ಬ ತನ್ನ ಸ್ಕೂಟರನ್ನೂ ತಂದಿದ್ದ. ಮಳೆಯಲ್ಲಿ ಸ್ಟಾರ್ಟ್ ಆಗುವುದಿಲ್ಲ, ಒಂದು ಸಲ ಕೈ ಇಡಿ ಎಂದ. ಇಟ್ಟೆ. ಸ್ಟಾರ್ಟ್ ಆಯಿತು. ಚಾವಿ ಹಾಕಿದ್ದು ಸೋನಾಲಿ ಎಂಬುದು ಬೇರೆ ಮಾತು.

ಜೂನ್ ಮೊದಲ ವಾರ ವಾರ್ಡ್ ಆಫೀಸಿನಿಂದ ಒಬ್ಬ ಇನ್ಸ್‌ಪೆಕ್ಟರ್ ಬಂದರು. ಪರವಾನಗಿ ಇಲ್ಲದೆ ಉಪ್ಪಿನಕಾಯಿ ಕಾರ್ಖಾನೆ ನಡೆಯುತ್ತಿದೆ ಎಂದು ಯಾರೋ ದೂರು ಕೊಟ್ಟಿದ್ದರು. ಜಿನೆಯ ಮೆಟ್ಟಿಲುಗಳ ಮೇಲೆ ಸಾಲಾಗಿ ಕೂತ ಭರಣಿಗಳನ್ನು ದಾಟುತ್ತ, ದಾಟುತ್ತ, ನನ್ನ ಮುಂದೆ ಬಂದು ನಿಂತರು.

"ಇದರಲ್ಲಿ ನಿಮ್ಮದು ಯಾವುದು?"

"ಯಾವುದೂ ಇಲ್ರಿ ಸಾಹೇಬ್ರ. ಎಲ್ಲಾ ಮಂದಿ ಭರಣಿ."

"ಹಾಗಾದರೆ ಇಲ್ಲಿ ನಿಮ್ಮದು ಏನು?"

"ಕೈ ಅಷ್ಟ ನಂದು."

ಅವರು ಫೈಲು ತೆರೆದರು, ಮುಚ್ಚಿದರು, ಮತ್ತೆ ತೆರೆದರು. ಕೈಗೆ ಪರವಾನಗಿ ಬೇಕೆಂದು ಯಾವ ಕಾಯಿದೆಯಲ್ಲೂ ಸಿಗಲಿಲ್ಲ. ಗಂಭೀರವಾಗಿ ಇಳಿದು ಹೋದರು. ಎರಡು ದಿನ ಬಿಟ್ಟು ಬಂದರು, ಫೈಲಿಲ್ಲದೆ, ಅತ್ತೆಯ ನೆಲ್ಲಿಕಾಯಿಯ ಭರಣಿಯೊಂದಿಗೆ. ಸಾಲಿನಲ್ಲಿಯೇ ನಿಂತರು.

ಒಟ್ಟು ನಾನೂರು ಭರಣಿ. ದಾನವ್ವನ ಬಾಯಲ್ಲಿ ಮೂವತ್ತೊಂದು. ಬಸಲಿಂಗವ್ವನಂಥ ದೂರದವರು ಕೂಡ "ಇಲ್ಲೇ ಇರ್ಲಿ, ನಿಮ್ಮ ಕಣ್ಣ ಮುಂದ" ಎಂದು ತಮ್ಮವನ್ನು ನಮ್ಮ ಬಿಲ್ಡಿಂಗಿನ ಯಾರದಾದರೂ ಮನೆಯಲ್ಲಿ ಇಟ್ಟು ಹೋಗಿದ್ದರು.

ಆಮೇಲೆ ಮಳೆ ಬಂತು.

ಮುಂಬೈಯ ಮಳೆ ನಿಮಗೆ ಗೊತ್ತು. ಮೊದಲು ನನ್ನ ಬೆಲ್ಟಿಗೆ ಬೂಷ್ಟು ಬಂತು. ಆಮೇಲೆ ಸೋನಾಲಿಯ ಬ್ಯಾಗಿಗೆ, ಕಪಾಟಿನ ಹಿಂದಿನ ಗೋಡೆಗೆ, ಬಾಗಿಲಿನ ಚೌಕಟ್ಟಿಗೆ. ಒಂದು ದಿನ ಬೆಳಿಗ್ಗೆ ನನ್ನ ಆಫೀಸಿನ ಬೂಟುಗಳಿಗೆ ಎಷ್ಟು ಬೂಷ್ಟು ಬಂದಿತ್ತೆಂದರೆ, ಅವು ನನ್ನವೇ ಎಂದು ಗುರುತಿಸಲು ಹಾಕಿ ನೋಡಬೇಕಾಯಿತು. ನಾನು ಕುರ್ಲಾದ ಕೊರಿಯರ್ ಆಫೀಸಿನಲ್ಲಿ ಕೂತು, ಹೊರಗೆ ಸುರಿಯುವ ನೀರನ್ನು ನೋಡುತ್ತ, ಆಯಿಯ ಮಂಚದ ಕೆಳಗಿನ ಭರಣಿಯನ್ನು ನೆನೆದು ಬೆವರುತ್ತಿದ್ದೆ. ಆಯಿ ಅದನ್ನು ಯಾರಿಗೂ ತೋರಿಸುತ್ತಿರಲಿಲ್ಲ. ಟೆರೇಸಿನ ಮೂಲೆಯಲ್ಲಿ ಗಿಡ ಮಳೆಗೆ ಹೊಳೆಯುತ್ತ ನಿಂತಿತ್ತು. ಸಾವಂತರು ಗರಗಸ ತಂದಿಟ್ಟದ್ದನ್ನು ನಾನು ಜಿನೆಯ ಕೆಳಗೆ ಕಣ್ಣಾರೆ ಕಂಡಿದ್ದೆ.

ಇಂಥ ಸಂಕಟದ ಕಾಲದಲ್ಲಿ ಹೆಂಡತಿಯಾದವಳು ಏನು ಮಾಡಬೇಕು? ದಾನವ್ವ ಪ್ರತಿ ಮಧ್ಯಾಹ್ನ ಆಯಿಯ ಮನೆಗೆ ಸೀರಿಯಲ್ ನೋಡಲು ಹೋಗುತ್ತಿದ್ದಳು. ಅಲ್ಲಿ ಮುಗಿದರೆ ಶೀಲಾವತಿಯವರಲ್ಲಿ, ಅಲ್ಲಿಂದ ಇನ್ನೊಂದು ಮನೆಗೆ. ಮನೆಗೆ ಬಂದಾಗ ಅವಳ ಸೀರೆ ಇಂಗಿನ ವಾಸನೆ ಹೊಡೆಯುತ್ತಿತ್ತು.

"ಗಿಡಾ ಹೋಗೂ ಹೊತ್ತಿನಾಗ ನಿಂಗ ಸೀರಿಯಲ್ ಬೇಕು?" ಎಂದು ಒಂದು ದಿನ ಕೇಳಿಯೇಬಿಟ್ಟೆ.

"ಹೌದ್ರಿ," ಎಂದಳು, ಕಾಲು ಒತ್ತಿಕೊಳ್ಳುತ್ತ. "ಭಾಳ ಛಲೋ ನಡದದ. ಒಂದ ದಿನಾ ತಪ್ಪಿಸಿದ್ರ ಕೆಡ್ತದ."

ಕಲ್ಲು ಹೃದಯದವಳು ಎಂದುಕೊಂಡೆ.

ಆಗಸ್ಟಿನ ನಡುವೆ ಸುದ್ದಿ ಬಂತು: ಎದುರಿನ ಬಿಲ್ಡಿಂಗಿನಲ್ಲಿ ಏಳು ಭರಣಿ ಕೆಟ್ಟವು. ನನ್ನ ಕೈ ಬೀಳದ ಭರಣಿಗಳವು. ನಮ್ಮವರೆಲ್ಲ ನನ್ನನ್ನು ಕಂಡರೆ ಜಿನೆಯಲ್ಲಿ ಪಕ್ಕಕ್ಕೆ ಸರಿದು ನಿಲ್ಲತೊಡಗಿದರು. ನನಗೆ ಮಾತ್ರ ಊಟ ಇಳಿಯಲಿಲ್ಲ. ಎಲ್ಲ ಭರಣಿಗಳೂ ಒಳಗೊಳಗೇ ಬೆಕ್ಕಿನ ಮರಿ ಹಾಕುತ್ತಿವೆ ಎಂದು ಖಾತ್ರಿಯಾಗಿತ್ತು. ಈಗಲೇ ಒಪ್ಪಿಕೊಂಡು ಕಾಲಿಗೆ ಬಿದ್ದರೆ ಗಿಡಕ್ಕಾದರೂ ಕ್ಷಮೆ ಸಿಕ್ಕೀತು ಎಂದು, ಒಂದು ಸಂಜೆ ಸಾವಂತರ ಬಾಗಿಲು ತಟ್ಟಿದೆ.

"ಸಾಹೇಬ್ರ, ಒಂದ ಖರೇ ಮಾತ ಹೇಳ್ಬೇಕು. ಕೈ ನಂದಲ್ರಿ."

ಸಾವಂತರು ಕನ್ನಡಕ ತೆಗೆದರು.

"ನನ್ನ ಕೈಯಾಗ ಏನೂ ಇಲ್ಲ," ಎಂದೆ. "ನಾ ಬರೇ ಬಡಾಯಿ ಕೊಚ್ಚಿಕೊಂಡೆ. ಎಲ್ಲಾ ದಾನವ್ವಂದು."

ಸಾವಂತರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. "ಶೆಟ್ಟೆಪ್ಪಭಾವು," ಎಂದರು ನನ್ನ ಎರಡೂ ಕೈ ಹಿಡಿದು, "ಇಷ್ಟು ದೊಡ್ಡ ಗುಣ, ಅದರ ಮೇಲೆ ಇಷ್ಟು ವಿನಯ. ಎಲ್ಲ ಹೆಂಡತಿಯದು ಅಂತ ಹೇಳೋ ಗಂಡಸನ್ನು ನಾನು ಈ ಜನ್ಮದಲ್ಲಿ ನೋಡಿರಲಿಲ್ಲ." ಒಳಗಿನಿಂದ ಇಬ್ಬರನ್ನು ಕರೆದು ನನ್ನನ್ನು ತೋರಿಸಿದರು.

ನಾನು ಎರಡನೇ ಮಾಳಿಗೆಯಲ್ಲಿ ಒಪ್ಪಿಕೊಂಡೆ. ಒಂದನೇ ಮಾಳಿಗೆಯಲ್ಲಿ ಒಪ್ಪಿಕೊಂಡೆ. ವಾಚ್‌ಮನ್ನನ ಮುಂದೆ ಹಿಂದಿಯಲ್ಲಿ ಒಪ್ಪಿಕೊಂಡೆ. ಅವನು ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದ. ಐವತ್ತೆರಡು ವರ್ಷ ನಾನು ಹೇಳಿದ ಒಂದೊಂದು ಸುಳ್ಳನ್ನೂ ಜನ ನಂಬಿದ್ದರು. ಮೊದಲ ಸಲ ಸತ್ಯ ಹೇಳಲು ಹೊರಟರೆ ಗಿರಾಕಿಯೇ ಇಲ್ಲ.

"ಪಪ್ಪಾ, ಕಂಟಿನ್ಯೂ ಮಾಡು," ಎಂದಳು ಸೋನಾಲಿ, ಫೋನನ್ನು ನನ್ನ ಕಡೆ ಹಿಡಿದು. "ಹಂಬಲ್‌ವಾಲಾ ವಿಡಿಯೋ ಜ್ಯಾದಾ ಚಲ್ ರಹಾ ಹೈ, ನಿನ್ನ ವಿನಯಾ ಮಂದಿಗೆ ಭಾಳ ಸೇರೇದ."

ಗಣಪತಿ ಬಂದ. ಸಾವಂತರ ಹಾಲಿನಲ್ಲಿ ಅಲಂಕರಿಸಿದ ಮಂಟಪದ, ಮಖರದ, ಒಳಗೆ ಕೂತ. ಆರತಿಯಾದ ಮೇಲೆ, ನೈವೇದ್ಯದ ಎಲೆಯಲ್ಲಿ ಉಪ್ಪಿನಕಾಯಿಯ ಜಾಗವನ್ನು ಖಾಲಿ ಬಿಟ್ಟು, ಆಯಿ ಭರಣಿ ತರಿಸಿದರು. ಇಡೀ ಬಿಲ್ಡಿಂಗು ಅಲ್ಲಿತ್ತು. ಬಾಗಿಲ ಬಳಿ ಇನ್ಸ್‌ಪೆಕ್ಟರ್ ಅತ್ತೆಯ ಜೊತೆ ನಿಂತಿದ್ದರು. ನಾನು ಗೋಡೆಗೆ ಒರಗಿದ್ದೆ.

ಆಯಿ ದಾರ ಬಿಚ್ಚಿದರು. ಬಟ್ಟೆ ತೆಗೆದರು. ಮುಚ್ಚಳ ಎತ್ತಿದರು.

ಮೊದಲು ಬಂದದ್ದು ವಾಸನೆ. ಸಾಸಿವೆ, ಇಂಗು, ಮತ್ತು ಅವುಗಳ ಹಿಂದಿನಿಂದ, ಮೇ ತಿಂಗಳಲ್ಲೇ ನಿಂತುಬಿಟ್ಟ ಹಸಿ ಮಾವಿನಕಾಯಿ. ಅಗರಬತ್ತಿಯ ವಾಸನೆ ಹಿಂದೆ ಸರಿದು ದಾರಿ ಕೊಟ್ಟಿತು. ನಾನು ಬಗ್ಗಿ ನೋಡಿದೆ. ಎಣ್ಣೆ ಕನ್ನಡಿಯಂತೆ ನಿಂತಿತ್ತು; ಅದರಲ್ಲಿ ದೀಪದ ಮಾಲೆ ಕಾಣುತ್ತಿತ್ತು, ಆಯಿಯ ಮುಖ ಕಾಣುತ್ತಿತ್ತು. ಕೆಳಗೆ ಒಂದೊಂದು ಹೋಳೂ ಈಗ ತಾನೇ ಕತ್ತರಿಸಿದಂತೆ ಅಂಚು ಚೂಪಾಗಿ ಕೂತಿತ್ತು. ಬಿಳಿ ಚುಕ್ಕೆ ಒಂದೂ ಇಲ್ಲ. ಆಯಿ ಒಂದು ಹೋಳನ್ನು ಬಾಯಿಗಿಟ್ಟು ಕಚ್ಚಿದರು. ಆ ಕಟುಂ ಎಂಬ ಸದ್ದು ಬಾಗಿಲವರೆಗೆ ಕೇಳಿಸಿತು. ನಾನು ಏನನ್ನೂ ದೊಡ್ಡದು ಮಾಡಿ ಹೇಳುತ್ತಿಲ್ಲ. ಇದೊಂದನ್ನು ದೊಡ್ಡದು ಮಾಡಲು ನನ್ನ ಕೈಯಲ್ಲೂ ಆಗುವುದಿಲ್ಲ.

ಎಲ್ಲ ಕಣ್ಣುಗಳೂ ನನ್ನ ಕಡೆ ತಿರುಗಿದವು. ಹಳೆಯ ಅಭ್ಯಾಸ, ಬಲಗೈ ತಾನಾಗಿ ಮೇಲೆದ್ದಿತು.

"ಕೈ ಕೆಳಗಿಡು," ಎಂದರು ಆಯಿ.

ಇಟ್ಟೆ.

"ಉಪ್ಪು ಒಂದು ಕಡೆ, ಕೈರಿ ಇನ್ನೊಂದು ಕಡೆ. ಹಾಗೆ ಕಲಸಿದ್ದ ಇವನು. ಮೂರನೇ ದಿನಕ್ಕೆ ನೊರೆ ಬಂತು. ನಾನು ಅಳ್ತಾ ಕೂತಿದ್ದೆ, ಇವಳು ಬಂದಳು." ಆಯಿಯ ಬೆರಳು ದಾನವ್ವನ ಕಡೆ ಹೋಯಿತು. "ಎಲ್ಲ ಹೊರಗೆ ಸುರಿದು ಬೇರೆ ಉಪ್ಪು ಬೆರೆಸಿದಳು. ಕೆಂಡದ ಮೇಲೆ ಇಂಗು ಹಾಕಿ, ಭರಣಿ ಬೋರಲು ಹಾಕಿ ಹೊಗೆ ತುಂಬಿದಳು. ಎಣ್ಣೆ ಕಾಯಿಸಿ, ಆರಿಸಿ, ಮೇಲೆ ನಾಲ್ಕು ಬೆರಳು ನಿಲ್ಲೋ ಹಾಗೆ ಹೊಯ್ದಳು. ಅವತ್ತಿಂದ ದಿನಾ ಬಂದು ಭರಣಿಯ ಕಂಠ ಒರೆಸಿದ್ದಾಳೆ. ಚೂರು ಬಿಸಿಲು ಬಿದ್ದರೆ ಕಿಟಕಿಗೆ ಎತ್ತಿ ಇಟ್ಟಿದ್ದಾಳೆ. ಟಿವಿ ಕೆಟ್ಟು ಎರಡು ತಿಂಗಳಾಯ್ತು ನಮ್ಮ ಮನೇಲಿ."

"ನಮ್ಮ ಹಲಸಿನದ್ದು ಸಹ ಅವರೇ ನೋಡಿದ್ದು," ಎಂದರು ಶೀಲಾವತಿಯವರು. "ಎರಡು ಸಲ ಉಪ್ಪುನೀರು ಬದಲಿಸಿದ್ದಾರೆ. ನಿಮಗೆ ಗೊತ್ತಿಲ್ವಾ ಮಾರಾಯ್ರೆ? ಎಲ್ಲರಿಗೂ ಗೊತ್ತುಂಟಲ್ಲ."

ಒಬ್ಬೊಬ್ಬರಾಗಿ ಎಲ್ಲ ಹೆಂಗಸರೂ ತಲೆ ಆಡಿಸಿದರು. ಮೂವತ್ತೊಂದು ಭರಣಿ, ಪ್ರತಿ ಭರಣಿಗೂ ದಿನಕ್ಕೊಂದು ಸಲ, ನಾಲ್ಕು ಮಾಳಿಗೆ ಹತ್ತಿ ಇಳಿದು, ಮೂರು ತಿಂಗಳು. ಇಡೀ ಬಿಲ್ಡಿಂಗಿನಲ್ಲಿ ಗೊತ್ತಿಲ್ಲದವರೆಂದರೆ ಗಂಡಸರು, ವಾಚ್‌ಮನ್, ಮತ್ತು ಸಾಮಾಜಿಕ ಜಾಲತಾಣ.

"ನಂಗ ಯಾಕ ಹೇಳ್ಲಿಲ್ಲ?" ಎಂದು ದಾನವ್ವನನ್ನು ಕೇಳಿದೆ.

"ನೀವು ಒಂದ ಗಳಿಗಿ ಸುಮ್ನ ಕುಂತಿದ್ರ ಹೇಳ್ತಿದ್ದೆ," ಎಂದಳು. "ನೀವು ಕುಂದರ್ಲಿಲ್ಲ."

ಆಗ ಸಾವಂತರು ಕೆಮ್ಮಿದರು. ಅವರ ಕೈಯಲ್ಲಿ ಮೀಟಿಂಗಿನ ಬುಕ್ಕಿತ್ತು. ಮುಖದಲ್ಲಿ ದುಃಖವಿತ್ತು, ಆದರೆ ನಿಯಮ ನಿಯಮವೇ. "ಇಲ್ಲಿ ಬರೆದಿದೆ: ಶೆಟ್ಟೆಪ್ಪನ ಕೈಯಿಂದ ಉಪ್ಪಿನಕಾಯಿ ಉಳಿಯದಿದ್ದಲ್ಲಿ, ಶೆಟ್ಟೆಪ್ಪನ ಗಿಡ ತೆಗೆಯತಕ್ಕದ್ದು. ಉಪ್ಪಿನಕಾಯಿ ಉಳಿದಿದೆ, ಆದರೆ ಅವರ ಕೈಯಿಂದ ಅಲ್ಲ. ಹಾಗಾಗಿ ಗಿಡ..."

ಜಿನೆಯ ಕೆಳಗಿನ ಗರಗಸ ನನಗೆ ನೆನಪಾಯಿತು. ಇಷ್ಟೆಲ್ಲ ಮಾಡಿ, ಕೊನೆಗೆ ನನ್ನ ಹೆಸರೇ ಗಿಡವನ್ನು ಕಡಿಯಲು ಹೊರಟಿತ್ತು.

ದಾನವ್ವ ಮುಂದೆ ಬಂದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು.

"ಯಾರ ಗಿಡಾ ತೆಗೀಬೇಕಂತ ಬರದೀರಿ ಸಾಹೇಬ್ರ?"

"ಶೆಟ್ಟೆಪ್ಪನ ಗಿಡ."

"ಮ್ಯಾಲೆ ಇರೂ ಗಿಡಾ ನಮ್ಮಪ್ಪ ನಂಗ ಕೊಟ್ಟದ್ದು. ಇವ್ರಿಗೂ ಅದಕ್ಕೂ ಏನೂ ಸಂಬಂಧ ಇಲ್ಲ. ಇವ್ರದು ಯಾವ ಗಿಡಾ ಅದ, ಹುಡುಕಿ ತೆಗೀರಿ. ನಾವೇನೂ ಅನ್ನೂದಿಲ್ಲ."

ಸಾವಂತರು ಬುಕ್ಕನ್ನು ಹತ್ತಿರ ಹಿಡಿದು ಓದಿದರು. ದೂರ ಹಿಡಿದು ಓದಿದರು. ಇನ್ಸ್‌ಪೆಕ್ಟರ್ ಬಾಗಿಲಿನಿಂದ ಬಂದು ಅವರ ಭುಜದ ಮೇಲಿಂದ ಓದಿದರು. "ಮುದ್ದೆ ಮೇಂ ದಮ್ ಹೈ," ಅಂದರೆ ವಾದದಲ್ಲಿ ಸತ್ವ ಇದೆ, ಎಂದರು ಗೌರವದಿಂದ. ಆಯಿ ಒಂದೇ ಮಾತು ಹೇಳಿದರು: "ಹೆಸರು ತಿದ್ದು."

ಸಾವಂತರು ತಿದ್ದಿದರು. ದಾನವ್ವ ಅಲ್ಲಿಗೇ ಬಿಡಲಿಲ್ಲ. ಡ್ರಮ್ಮನ್ನು ಅವರ ಬೆಡ್‌ರೂಮಿನ ಮೇಲಿಂದ ಜಿನೆಯ ಮೇಲಿನ ಸ್ಲ್ಯಾಬಿಗೆ, ಇಟ್ಟಿಗೆಯ ಕಟ್ಟೆಯ ಮೇಲೆ ಸರಿಸುವುದಾಗಿ ತಾನೇ ಹೇಳಿ ಬರೆಸಿದಳು. ಸಾವಂತರು ಮೂಗು ಮುಟ್ಟಿ ನೋಡಿಕೊಂಡರು. ನೈವೇದ್ಯದ ಎಲೆಯ ಖಾಲಿ ಜಾಗದಲ್ಲಿ ಒಂದು ಹೋಳು ಬಿತ್ತು.

ನಾನು ಮೂಲೆಯಲ್ಲಿ ಕೂತು ದಾನವ್ವನನ್ನು ನೋಡುತ್ತಿದ್ದೆ. ಇಪ್ಪತ್ತಾರು ವರ್ಷ ಒಂದೇ ಮನೆಯಲ್ಲಿದ್ದು, ಇಷ್ಟು ದೊಡ್ಡ ಮನುಷ್ಯರೊಬ್ಬರು ನನಗೆ ದಿನಾ ಚಹಾ ಕೊಡುತ್ತಿದ್ದಾರೆಂದು ಯಾರೂ ನನಗೆ ಹೇಳಿರಲಿಲ್ಲ.

ಮಳೆ ನಿಂತು ಅಕ್ಟೋಬರಿನ ಬಿಸಿಲು ಬಿದ್ದ ಮೇಲೆ, ಎಲ್ಲ ಭರಣಿಗಳೂ ಎಂಟು ದಿನ ಟೆರೇಸಿನಲ್ಲಿ ಬಿಸಿಲು ಕಾಯಬೇಕೆಂದು ದಾನವ್ವ ಅಪ್ಪಣೆ ಮಾಡಿದಳು. ಬೆಳಿಗ್ಗೆ ಮೇಲೆ, ಸಂಜೆ ಕೆಳಗೆ. ಹೊರುವವರು ಯಾರು ಎಂಬುದನ್ನು ಹೆಂಗಸರೆಲ್ಲ ಸೇರಿ, ನನ್ನನ್ನು ಕೇಳದೆ, ಒಮ್ಮತದಿಂದ ತೀರ್ಮಾನಿಸಿದರು. ಮೂವತ್ತೊಂದು ಭರಣಿ, ಲಿಫ್ಟಿಲ್ಲದ ನಾಲ್ಕು ಮಾಳಿಗೆ. ಒಂದೊಂದೂ ಆನೆಯ ಮರಿಯ ತೂಕ. ಹೆಗಲ ಮೇಲೆ ಇಟ್ಟುಕೊಂಡು, ಒಂದು ಹನಿ ಎಣ್ಣೆ ತುಳುಕದಂತೆ ಹತ್ತಿದೆ, ಇಳಿದೆ.

ಮೂರನೇ ದಿನ ಎದುರಿನ ಬಿಲ್ಡಿಂಗಿನ ಒಬ್ಬ ಅಜ್ಜಿ ಜಿನೆಯಲ್ಲಿ ನನ್ನನ್ನು ತಡೆದು, ತಮ್ಮ ಏಳೂ ಭರಣಿ ಕೆಟ್ಟದ್ದು ಯಾಕೆ ಎಂದು ಕೇಳಿದರು. ಸತ್ಯ ಹೇಳಲು ಈ ಸಲವೂ ಒಂದು ಸೆಕೆಂಡ್ ಸಿಕ್ಕಿತ್ತು. ನಾನು ಹೇಳಿಯೂ ಹೇಳಿದೆ: ಕೈ ದಾನವ್ವನದೇ, ಅದರಲ್ಲಿ ಎರಡು ಮಾತಿಲ್ಲ.

"ಆದ್ರ ನೋಡ್ರಿ ಅಜ್ಜಿ," ಎಂದೆ, ಭರಣಿಯನ್ನು ಇನ್ನೊಂದು ಬದಿಗೆ ಸರಿಸಿಕೊಳ್ಳುತ್ತ, "ಕೈ ಎಷ್ಟ ಛಲೋ ಇದ್ರೂ, ಹೊತ್ತಾಂವನ ಹೆಗಲಾಗ ಗುಣ ಇರ್ಲಿಲ್ಲಂದ್ರ ನಿಲ್ಲೂದಿಲ್ಲ."

ಅಜ್ಜಿ ನನ್ನ ಹೆಗಲನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ ಚಪ್ಪಲಿ ಬಿಟ್ಟು, ಕೈ ಮುಗಿದರು.